ಪರ್ಮಾಕಲ್ಚರ್ ವಿನ್ಯಾಸವೇ, ಮಾರಾಟದ ತರಕಾರಿ ತೋಟವೇ: ಸಣ್ಣ ಜಮೀನಿಗೆ ದಾರಿ ಆರಿಸಿಕೊಳ್ಳುವ ಬಗೆ

ಅರ್ಧ ಎಕರೆಯಿಂದ ಎರಡು ಎಕರೆಯವರೆಗಿನ ಜಮೀನಿನಲ್ಲಿ ರಾಸಾಯನಿಕಗಳಿಲ್ಲದೆ ಬೆಳೆದು, ಬೆಳೆದದ್ದನ್ನು ಮಾರಿ ಬದುಕಬೇಕೆಂದು ಹೊರಡುವವರ ಮುಂದೆ ಇಂದು ಮುಖ್ಯವಾಗಿ ಎರಡು ದಾರಿಗಳಿವೆ. ಮರ, ಪೊದೆ, ಬಳ್ಳಿ, ಗಡ್ಡೆ, ನೀರು, ಸಾಕುಪ್ರಾಣಿ ಎಲ್ಲವನ್ನೂ ಒಂದಕ್ಕೊಂದು ನೆರವಾಗುವಂತೆ ಜೋಡಿಸುವ ಪರ್ಮಾಕಲ್ಚರ್ ಒಂದು. ಅಳತೆಯ ಪ್ರಕಾರ ಮಾಡಿದ ಶಾಶ್ವತ ಮಡಿಗಳಲ್ಲಿ ಒಂದು ಬೆಳೆಯ ಹಿಂದೆ ಇನ್ನೊಂದು ಬೆಳೆದು, ಪ್ರತಿ ವಾರ ಕೊಯ್ದು ಮಾರುವ ಸಣ್ಣ ಪ್ರಮಾಣದ ಪರಿಸರಸ್ನೇಹಿ ತರಕಾರಿ ತೋಟ ಇನ್ನೊಂದು. ಎರಡೂ ಮಣ್ಣಿನ ಜೀವವನ್ನು ಕಾಪಾಡುವ ಮಾತಾಡುತ್ತವೆ, ಎರಡೂ ವಿಷದ ಸಿಂಪರಣೆಯನ್ನೂ ಭಾರಿ ಯಂತ್ರಗಳನ್ನೂ ದೂರವಿಡುತ್ತವೆ. ಹೀಗಾಗಿ ಇವೆರಡೂ ಒಂದೇ ಎಂದು ತಿಳಿದು ಕೆಲಸ ಆರಂಭಿಸಿದವರು ಎರಡನೆಯ ವರ್ಷದ ಹೊತ್ತಿಗೆ ಇಕ್ಕಟ್ಟಿಗೆ ಸಿಲುಕುವುದು ಸಾಮಾನ್ಯವಾಗಿದೆ: ಹಣ್ಣಿನ ಗಿಡಗಳು ಇನ್ನೂ ಸೊಂಟದೆತ್ತರಕ್ಕೂ ಬಂದಿರುವುದಿಲ್ಲ, ತರಕಾರಿ ಮಡಿಗಳು ಅವುಗಳ ನಡುವೆ ಚದುರಿಹೋಗಿ ನೀರುಣಿಸುವುದರಲ್ಲೇ ದಿನ ಕಳೆಯುತ್ತದೆ, ವಾರದ ಕೊನೆಗೆ ಮಾರಲು ಸಿಗುವುದು ಒಂದೆರಡು ಬುಟ್ಟಿ ಮಾತ್ರ.

ಈ ಇಕ್ಕಟ್ಟಿನ ಮೂಲ ಸ್ಪಷ್ಟವಾಗಿದೆ. ಪರ್ಮಾಕಲ್ಚರ್ ಮೂಲತಃ ವಿನ್ಯಾಸದ ಕ್ರಮ. ಯಾವುದು ಎಲ್ಲಿರಬೇಕು, ಯಾವುದರ ಪಕ್ಕದಲ್ಲಿ ಯಾವುದಿದ್ದರೆ ಶ್ರಮ ಮತ್ತು ನಷ್ಟ ಕಡಿಮೆಯಾಗುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಮಾರಾಟದ ತೋಟ ಒಂದು ಕಸುಬು. ಈ ವಾರ ಎಷ್ಟು ಮಡಿ ಬಿತ್ತಬೇಕು, ಮುಂದಿನ ತಿಂಗಳು ಯಾವ ಮಡಿ ಖಾಲಿಯಾಗುತ್ತದೆ, ಕೊಯ್ದದ್ದು ಎಷ್ಟು ಹೊತ್ತಿನೊಳಗೆ ಕೊಳ್ಳುವವರ ಕೈ ಸೇರಬೇಕು ಎಂಬುದು ಅದರ ಪ್ರಶ್ನೆ. ಆದ್ದರಿಂದ ಇವೆರಡರಲ್ಲಿ ಯಾವುದು ಶ್ರೇಷ್ಠ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ನಿಮ್ಮ ಜಮೀನಿನ ಯಾವ ಭಾಗಕ್ಕೆ ಯಾವುದು, ಮತ್ತು ಯಾವ ವರ್ಷ ಯಾವುದು ಮೊದಲು ಎಂದು ಕೇಳಿಕೊಂಡರೆ ಮಾತ್ರ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಮುಂದಿನ ಹೋಲಿಕೆಯನ್ನು ಆ ದೃಷ್ಟಿಯಿಂದಲೇ ಮಾಡಿದ್ದೇನೆ.

ಎರಡು ಬೇರೆ ಹುಟ್ಟು

ಪರ್ಮಾಕಲ್ಚರ್ ರೂಪುಗೊಂಡದ್ದು 1970ರ ದಶಕದ ನಡುವೆ, ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಇಬ್ಬರೂ ಸೇರಿ ಅದನ್ನು ಕಟ್ಟಿ, 1978ರಲ್ಲಿ ಪುಸ್ತಕರೂಪದಲ್ಲಿ ಮುಂದಿಟ್ಟರು. ವರ್ಷವರ್ಷವೂ ಉತ್ತು ಬಿತ್ತುವ ಬೆಳೆಗಳ ಬದಲು ಬಹುವಾರ್ಷಿಕ ಗಿಡಮರಗಳ ಮೇಲೆ ನಿಂತ, ಮನೆಯನ್ನೂ ನೆರೆಹೊರೆಯನ್ನೂ ಸ್ವಾವಲಂಬಿಯಾಗಿಸುವ ಆಹಾರ ವ್ಯವಸ್ಥೆ ಅವರ ಗುರಿಯಾಗಿತ್ತು. ಭೂಮಿಯ ಆರೈಕೆ, ಜನರ ಆರೈಕೆ, ಮಿಕ್ಕದ್ದನ್ನು ಹಂಚಿಕೊಳ್ಳುವುದು ಎಂಬ ಮೂರು ನೀತಿಗಳು ಅದರ ತಳಹದಿ. ಜಮೀನನ್ನು ಮನೆಯಿಂದ ಹೊರಕ್ಕೆ ವಲಯಗಳಾಗಿ ವಿಂಗಡಿಸಿ, ದಿನಕ್ಕೆ ಹಲವು ಬಾರಿ ಹೋಗಬೇಕಾದದ್ದನ್ನು ಹತ್ತಿರದ ಒಂದನೆಯ ವಲಯದಲ್ಲೂ, ಮನುಷ್ಯರು ಕೈಹಾಕದೆ ಬಿಡಬೇಕಾದ ಕಾಡನ್ನು ಐದನೆಯ ವಲಯದಲ್ಲೂ ಇಡುವುದು ಅದರ ಅತ್ಯಂತ ಉಪಯುಕ್ತ ಸಲಕರಣೆ ಎಂದು ನಾನು ಭಾವಿಸುತ್ತೇನೆ. ಗಮನಿಸಬೇಕಾದ ಸಂಗತಿಯೆಂದರೆ, ವಾರದ ಸಂತೆಗೆ ತರಕಾರಿ ಒದಗಿಸುವುದು ಈ ಚಿಂತನೆಯ ಹುಟ್ಟಿನಲ್ಲಿ ಮುಖ್ಯ ಉದ್ದೇಶವಾಗಿರಲಿಲ್ಲ.

ಮಾರಾಟದ ತೋಟದ ವಂಶಾವಳಿ ಇದಕ್ಕಿಂತ ಹಳೆಯದು. 19ನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಒಳಗೂ ಅಂಚಿನಲ್ಲೂ ಇದ್ದ ತರಕಾರಿ ಬೆಳೆಗಾರರು ಕುದುರೆ ಲಾಯಗಳ ಹಸಿ ಗೊಬ್ಬರದ ಶಾಖದ ಮೇಲೆ, ಗಾಜಿನ ಗಂಟೆಯಾಕಾರದ ಮುಚ್ಚಳಗಳ ಅಡಿಯಲ್ಲಿ, ಒಂದೇ ಮಡಿಯಿಂದ ವರ್ಷಕ್ಕೆ ಹಲವು ಬೆಳೆ ತೆಗೆಯುತ್ತಿದ್ದರು. ಮೋಟಾರು ವಾಹನಗಳು ಬಂದು ಕುದುರೆಗಳು ಹೋದಾಗ ಆ ಗೊಬ್ಬರವೂ ಹೋಯಿತು, ನಗರ ಬೆಳೆದಂತೆ ಜಾಗವೂ ಹೋಯಿತು. ಅಮೆರಿಕದ ಮೇನ್ ರಾಜ್ಯದಲ್ಲಿ 1968ರಲ್ಲಿ ಜಮೀನು ಕೊಂಡ ಎಲಿಯಟ್ ಕೋಲ್‌ಮನ್, ಪ್ಲಾಸ್ಟಿಕ್ ಹೊದಿಸಿದ ಕಮಾನು ಮನೆಗಳಾದ, ಕಾಯಿಸದ ಟನಲ್‌ಗಳಲ್ಲಿ ಚಳಿಗಾಲದಲ್ಲೂ ಸೊಪ್ಪು ಕೊಯ್ಯುವ ಕ್ರಮವನ್ನು ಬೆಳೆಸಿ ಈ ಪರಂಪರೆಗೆ ಹೊಸ ಜೀವ ಕೊಟ್ಟರು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಜಾನ್-ಮಾರ್ಟಿನ್ ಫೋರ್ಟಿಯೆ ಮತ್ತು ಅವರ ಪತ್ನಿ ಒಂದೂವರೆ ಎಕರೆಯಷ್ಟು ಜಾಗದಲ್ಲಿ, ನಾಲ್ಕು ಚಕ್ರದ ಟ್ರ್ಯಾಕ್ಟರ್ ಇಲ್ಲದೆ ಸಂಸಾರ ಸಾಗಿಸುವ ತೋಟ ಮಾಡಿ ತೋರಿಸಿದರು. ಅವರ ತೋಟಕ್ಕೆ ಗ್ರೆಲಿನೆಟ್ ಎಂದು ಹೆಸರು. ಮಣ್ಣನ್ನು ಮಗುಚದೆ ಆಳದಿಂದ ಸಡಿಲಿಸಲು 1960ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ, ಎರಡು ಉದ್ದ ಹಿಡಿಕೆಗಳ ನಡುವೆ ಹಲ್ಲುಗಳ ಸಾಲಿರುವ ಕೈ ಉಪಕರಣದ ಹೆಸರೇ ಅದು.

ಈ ಎರಡು ಹೊಳೆಗಳು ಕೂಡುವ ಜಾಗವೂ ಇದೆ. ಫ್ರಾನ್ಸಿನ ನಾರ್ಮಂಡಿಯ ಬೆಕ್ ಎಲ್ವಾಂ ಎಂಬಲ್ಲಿ ಪೆರಿನ್ ಮತ್ತು ಶಾರ್ಲ್ ಎರ್ವೆ-ಗ್ರುಯೆ ದಂಪತಿ ಪರ್ಮಾಕಲ್ಚರ್ ವಿನ್ಯಾಸದೊಳಗೆ ಕೈಕೆಲಸದ ತರಕಾರಿ ತೋಟವನ್ನು ಕೂರಿಸಿದರು. ಫ್ರಾನ್ಸಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಮತ್ತು ಆಗ್ರೋಪ್ಯಾರಿಸ್‌ಟೆಕ್ ಎಂಬ ಕೃಷಿ ವಿದ್ಯಾಸಂಸ್ಥೆ ಜೊತೆಗೂಡಿ 2011ರಿಂದ 2015ರವರೆಗೆ ಅಲ್ಲಿ ನಡೆಸಿದ ಅಧ್ಯಯನವು, 1000 ಚದರ ಮೀಟರ್ ಜಾಗದ ತೀವ್ರ ಕೈಬೇಸಾಯದಿಂದ ಒಬ್ಬರ ಪೂರ್ಣಾವಧಿ ಜೀವನೋಪಾಯ ಸಾಧ್ಯವೆಂಬ ತೀರ್ಮಾನಕ್ಕೆ ಬಂತು. 1000 ಚದರ ಮೀಟರ್ ಎಂದರೆ ಸುಮಾರು ಹತ್ತು ಗುಂಟೆ. ಈ ಸಂಖ್ಯೆಯನ್ನು ಬಹಳ ಜನ ಉಲ್ಲೇಖಿಸುತ್ತಾರೆ, ಆದರೆ ಅದರ ಷರತ್ತುಗಳನ್ನು ಉಲ್ಲೇಖಿಸುವವರು ಕಡಿಮೆ. ಲೆಕ್ಕಕ್ಕೆ ತೆಗೆದುಕೊಂಡದ್ದು ತರಕಾರಿ ಬೆಳೆಯುವ ಜಾಗವನ್ನು ಮಾತ್ರ, ಅದರ ಸುತ್ತಲಿನ ಜಮೀನು ಬಹಳ ದೊಡ್ಡದು. ಕೊಳ್ಳುವವರು ಮೊದಲೇ ಗೊತ್ತಿದ್ದರು, ಕೆಲಸ ಮಾಡುವವರು ನುರಿತಿದ್ದರು, ಫಲವತ್ತತೆಯ ಒಂದು ಪಾಲು ಆ 1000 ಚದರ ಮೀಟರಿನ ಹೊರಗಿನಿಂದ ಬರುತ್ತಿತ್ತು. ಅಧ್ಯಯನದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ, ಆದರೆ ಹತ್ತು ಗುಂಟೆ ಕೊಂಡರೆ ಬದುಕು ನಡೆಯುತ್ತದೆ ಎಂಬ ಅರ್ಥವನ್ನು ಅದರಿಂದ ತೆಗೆಯಲಾಗದು.

ಆದಾಯ ಬರುವ ಹೊತ್ತು

ಎರಡೂ ದಾರಿಗಳ ನಡುವಿನ ದೊಡ್ಡ ವ್ಯತ್ಯಾಸ ಕಾಲದ್ದು. ಮೂಲಂಗಿ ಬಿತ್ತಿದ 25ರಿಂದ 30 ದಿನಗಳಲ್ಲಿ ಮಾರಾಟಕ್ಕೆ ಸಿಗುತ್ತದೆ, ಲೆಟಿಸ್ ಸಸಿ ನಾಟಿ ಮಾಡಿದ ಒಂದೂವರೆ ತಿಂಗಳೊಳಗೆ ಬರುತ್ತದೆ, ಕ್ಯಾರೆಟ್‌ಗೆ ಎರಡೂವರೆಯಿಂದ ಮೂರು ತಿಂಗಳು ಬೇಕು, ಟೊಮೆಟೊ ನಾಟಿಯಿಂದ ಎರಡು ತಿಂಗಳ ಆಚೀಚೆ ಹಣ್ಣಾಗತೊಡಗುತ್ತದೆ. ಆಸ್ಪರಾಗಸ್ ಬೇರು ನೆಟ್ಟವರು ಮೂರನೆಯ ವರ್ಷದವರೆಗೆ ಕಾಯಬೇಕು. ಕಸಿ ಮಾಡಿದ ಹಣ್ಣಿನ ಗಿಡಗಳು ಮೂರರಿಂದ ಏಳು ವರ್ಷಗಳಲ್ಲಿ ಹೇಳಿಕೊಳ್ಳುವಂಥ ಫಸಲು ಕೊಡುತ್ತವೆ, ಗಟ್ಟಿ ಸಿಪ್ಪೆಯ ಕಾಯಿ ಬಿಡುವ ಹಲವು ಮರಗಳಿಗೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಈ ನಡುವಿನ ವರ್ಷಗಳಲ್ಲಿ ಮನೆಯ ಖರ್ಚು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಇಡೀ ಜಮೀನನ್ನು ಬಹುವಾರ್ಷಿಕ ತೋಟಕ್ಕೆ ಒಪ್ಪಿಸುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಆದರೆ ಕಾಲದ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ತರಕಾರಿ ಮಡಿ ಪ್ರತಿ ವರ್ಷವೂ ಅಷ್ಟೇ ಶ್ರಮ ಕೇಳುತ್ತದೆ, ಹತ್ತನೆಯ ವರ್ಷದಲ್ಲೂ ಬಿತ್ತಬೇಕು, ಕಳೆ ತೆಗೆಯಬೇಕು, ಬೆಳಗಿನ ತಂಪಿನಲ್ಲಿ ಕೊಯ್ಯಬೇಕು. ನೆಲೆಗೊಂಡ ಹಣ್ಣಿನ ತೋಟ ಹತ್ತನೆಯ ವರ್ಷದಲ್ಲಿ ಮೊದಲ ಮೂರು ವರ್ಷಗಳಷ್ಟು ಆರೈಕೆಯನ್ನು ಬೇಡುವುದಿಲ್ಲ. ನಲವತ್ತರ ವಯಸ್ಸಿನಲ್ಲಿ ತೋಟ ಆರಂಭಿಸುವವರು ಅರವತ್ತರಲ್ಲಿ ತಾವು ಎಷ್ಟು ಬಾಗಿ ದುಡಿಯಬಲ್ಲೆವು ಎಂದು ಯೋಚಿಸಿದರೆ, ಮರಗಳನ್ನು ಮೊದಲ ವರ್ಷವೇ ನೆಡುವುದಕ್ಕೆ ಎಷ್ಟು ಅರ್ಥವಿದೆ ಎಂಬುದು ತಿಳಿಯುತ್ತದೆ. ಅವುಗಳನ್ನು ಎಲ್ಲಿ ನೆಡಬೇಕು ಎಂಬುದು ಬೇರೆ ಮಾತು, ಅದಕ್ಕೆ ಮುಂದೆ ಬರುತ್ತೇನೆ.

ಫಲವತ್ತತೆ ಎಲ್ಲಿಂದ ಬರುತ್ತದೆ

ಈ ಹೋಲಿಕೆಯಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗುವ, ಆದರೆ ಅತ್ಯಂತ ಹೆಚ್ಚು ಪರಿಣಾಮ ಬೀರುವ ಸಂಗತಿ ಇದು. ಒಂದು ಲೆಕ್ಕ ಮಾಡಿ ನೋಡೋಣ. 1000 ಚದರ ಮೀಟರ್ ಜಾಗವನ್ನು 75 ಸೆಂಟಿಮೀಟರ್ ಅಗಲದ ಮಡಿ, 45 ಸೆಂಟಿಮೀಟರ್ ಅಗಲದ ಕಾಲುದಾರಿ ಎಂದು ಹಂಚಿದರೆ ಮಡಿಗಳ ಪಾಲಿಗೆ ಸುಮಾರು 625 ಚದರ ಮೀಟರ್ ಬರುತ್ತದೆ. ಅಗೆಯದೆ ಬೆಳೆಯುವ ಕ್ರಮವನ್ನು ಅನುಸರಿಸಿ, ಹುಲ್ಲಿನ ನೆಲದ ಮೇಲೆ 15 ಸೆಂಟಿಮೀಟರ್ ದಪ್ಪ ಕಾಂಪೋಸ್ಟ್ ಹರಡಿ ತೋಟ ಆರಂಭಿಸುವುದಾದರೆ 94 ಘನ ಮೀಟರ್ ಕಾಂಪೋಸ್ಟ್ ಬೇಕು. ಮುಂದೆ ಪ್ರತಿ ವರ್ಷ ಎರಡೂವರೆ ಸೆಂಟಿಮೀಟರ್ ಹರಡುತ್ತ ಹೋದರೂ ವರ್ಷಕ್ಕೆ 15ರಿಂದ 16 ಘನ ಮೀಟರ್ ಆಗುತ್ತದೆ. ಕೊಳೆಯುವಾಗ ರಾಶಿಯ ಗಾತ್ರ ಅರ್ಧಕ್ಕಿಂತ ಕೆಳಗಿಳಿಯುವುದರಿಂದ, ಇದಕ್ಕೆ ಪ್ರತಿ ವರ್ಷ ಮೂವತ್ತು ಘನ ಮೀಟರಿಗೂ ಹೆಚ್ಚು ಹಸಿ ಸಾಮಗ್ರಿ ಒಟ್ಟುಗೂಡಬೇಕು. ಹತ್ತು ಗುಂಟೆಯ ತರಕಾರಿ ತೋಟದ ಕಸಕಡ್ಡಿಯಿಂದ ಅಷ್ಟು ಹುಟ್ಟುವುದಿಲ್ಲ. ಅದು ಬೇರೊಬ್ಬರ ಹುಲ್ಲುಗಾವಲಿನಿಂದ, ಕೊಟ್ಟಿಗೆಯಿಂದ, ಮರಗಳಿಂದ ಬರಲೇಬೇಕು. ಅಂದರೆ ಮಡಿಯ ಫಲವತ್ತತೆಯ ಹಿಂದೆ ಲೆಕ್ಕಕ್ಕೆ ಸಿಗದ ಇನ್ನೊಂದು ಜಮೀನು ಇರುತ್ತದೆ.

ಪ್ಯಾರಿಸ್ಸಿನ ಬೆಳೆಗಾರರಿಗೆ ಆ ಇನ್ನೊಂದು ಜಮೀನು ನಗರದ ಕುದುರೆಗಳು ತಿನ್ನುತ್ತಿದ್ದ ಮೇವು ಬೆಳೆಯುವ ಹೊಲಗಳಾಗಿದ್ದವು. ಇಂದಿನ ಮಾರಾಟದ ತೋಟಗಳಲ್ಲಿ ಹೆಚ್ಚಿನವು ಕಾಂಪೋಸ್ಟನ್ನು ಕೊಂಡು ತರುತ್ತವೆ. ಕೊಂಡು ತರುವುದರಲ್ಲಿ ತಪ್ಪೇನೂ ಇಲ್ಲ, ನಗರಗಳ ಹಸಿ ಕಸ ಮತ್ತೆ ಮಣ್ಣು ಸೇರುವುದು ಒಳ್ಳೆಯದೇ. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಹೊರಗಿನ ಗೊಬ್ಬರದ ಜೊತೆ ಕಳೆನಾಶಕಗಳ ಶೇಷ ಬರಬಹುದು. ಹುಲ್ಲುಗಾವಲುಗಳಿಗೆ ಬಳಸುವ ಅಮಿನೋಪೈರಾಲಿಡ್‌ನಂಥ ಕೆಲವು ಕಳೆನಾಶಕಗಳು ಪ್ರಾಣಿಯ ಹೊಟ್ಟೆಯನ್ನೂ ಗೊಬ್ಬರದ ರಾಶಿಯನ್ನೂ ದಾಟಿ ಉಳಿದು ಟೊಮೆಟೊ, ಬೀನ್ಸ್ ಗಿಡಗಳ ಎಲೆಗಳನ್ನು ಮುರುಟಿಸುತ್ತವೆ. ಹೊಸ ಗೊಬ್ಬರವನ್ನು ಕುಂಡಗಳಲ್ಲಿ ಹಾಕಿ ಬೀನ್ಸ್ ಬಿತ್ತಿ ಎರಡು ಮೂರು ವಾರ ನೋಡುವುದು ಸುಲಭದ ಪರೀಕ್ಷೆ. ಎರಡನೆಯದು ರಂಜಕದ ಲೆಕ್ಕ. ತರಕಾರಿಗಳು ಮಣ್ಣಿನಿಂದ ಎತ್ತುವ ಸಾರಜನಕಕ್ಕೆ ಹೋಲಿಸಿದರೆ ರಂಜಕ ಬಹಳ ಕಡಿಮೆ. ಕಾಂಪೋಸ್ಟ್ ಮತ್ತು ಕೊಟ್ಟಿಗೆ ಗೊಬ್ಬರದಲ್ಲಿ ರಂಜಕದ ಪಾಲು ಬೆಳೆಯ ಅಗತ್ಯಕ್ಕಿಂತ ಹೆಚ್ಚಿರುತ್ತದೆ. ಜೊತೆಗೆ ಕಾಂಪೋಸ್ಟಿನ ಸಾರಜನಕದ ಸಣ್ಣ ಪಾಲು ಮಾತ್ರ ಮೊದಲ ವರ್ಷ ಬೆಳೆಗೆ ಸಿಗುತ್ತದೆ. ಸಾರಜನಕ ಸಾಲಲಿ ಎಂದು ಪ್ರತಿ ವರ್ಷ ಧಾರಾಳವಾಗಿ ಕಾಂಪೋಸ್ಟ್ ಸುರಿದರೆ ರಂಜಕ ಮಣ್ಣಿನಲ್ಲಿ ಜಮೆಯಾಗುತ್ತ ಹೋಗಿ, ಮಳೆನೀರಿನೊಂದಿಗೆ ಹರಿದು ಕೆರೆಗಳನ್ನು ಕೆಡಿಸುತ್ತದೆ. ಮಳೆ ಬೀಳದ ಟನಲ್‌ಗಳ ಒಳಗೆ ಇದೇ ರೀತಿ ಲವಣಗಳೂ ಶೇಖರವಾಗುತ್ತವೆ. ಮೂರು ವರ್ಷಕ್ಕೊಮ್ಮೆಯಾದರೂ ಮಣ್ಣು ಪರೀಕ್ಷೆ ಮಾಡಿಸದೆ ಹೀಗೆ ಗೊಬ್ಬರ ಹಾಕುತ್ತ ಹೋಗುವುದನ್ನು ಪರಿಸರಸ್ನೇಹಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಪರ್ಮಾಕಲ್ಚರ್ ಇಲ್ಲಿ ಉತ್ತಮ ಪ್ರಶ್ನೆಯನ್ನು ಕೇಳುತ್ತದೆ: ಗೊಬ್ಬರದ ಗಿಡಗಳನ್ನು ಜಮೀನಿನೊಳಗೇ ಎಲ್ಲಿ ಬೆಳೆಸಬಹುದು? ಬೇಲಿಯ ಸಾಲಿನಲ್ಲಿ ಸಾರಜನಕ ಸ್ಥಿರೀಕರಿಸುವ ಪೊದೆ ಮತ್ತು ಮರ, ಅವುಗಳನ್ನು ಕಡಿದು ಮಣ್ಣಿನ ಮೇಲೆ ಹರಡುವ ಮುಚ್ಚಿಗೆಗೆ ಬಳಸುವುದು, ದ್ವಿದಳ ಜಾತಿಯ ಹಸಿರು ಗೊಬ್ಬರದ ಬೆಳೆಗಳು, ಕೋಳಿ ಅಥವಾ ಇತರ ಪ್ರಾಣಿಗಳ ಹಿಕ್ಕೆ, ಇವೆಲ್ಲವೂ ಹೊರಗಿನ ಅವಲಂಬನೆಯನ್ನು ಇಳಿಸುತ್ತವೆ. ಆದರೆ ಇದಕ್ಕೆ ಜಾಗ ಬೇಕು. ಮಡಿಗಳಷ್ಟೇ, ಕೆಲವೆಡೆ ಅದಕ್ಕಿಂತ ಹೆಚ್ಚು ಜಾಗವನ್ನು ಫಲವತ್ತತೆಗಾಗಿ ಬಿಡದೆ ತನ್ನ ಗೊಬ್ಬರವನ್ನು ತಾನೇ ಹುಟ್ಟಿಸುವ ತರಕಾರಿ ತೋಟ ಕಷ್ಟ. ಹತ್ತು ಗುಂಟೆ ಮಾತ್ರ ಇದ್ದವರು ಗೊಬ್ಬರ ತರಿಸಬೇಕಾಗುತ್ತದೆ ಎಂದು ಒಪ್ಪಿಕೊಂಡು ಅದರ ಗುಣ, ಪ್ರಮಾಣಗಳ ಮೇಲೆ ಕಣ್ಣಿಡಬೇಕು. ಎರಡು ಎಕರೆ ಇದ್ದವರು ಅರ್ಧ ಎಕರೆಯಲ್ಲಿ ಮಾತ್ರ ತರಕಾರಿ ಬೆಳೆದು ಉಳಿದದ್ದನ್ನು ಅದರ ಪೋಷಣೆಗೆ ಇಡುವ ಧಾರಾಳತನ ತೋರಿಸಬಹುದು.

ಮುಚ್ಚಿಗೆಯ ವಿಷಯದಲ್ಲಿ ಹವಾಮಾನವೇ ತೀರ್ಪುಗಾರ. ಬಿಸಿ ಮತ್ತು ಒಣ ಪ್ರದೇಶಗಳಲ್ಲಿ ದಪ್ಪ ಮುಚ್ಚಿಗೆ ತೇವವನ್ನು ಹಿಡಿದಿಡುತ್ತದೆ, ಮಣ್ಣನ್ನು ತಂಪಾಗಿಡುತ್ತದೆ. ತಂಪು ಮತ್ತು ತೇವದ ಪ್ರದೇಶಗಳಲ್ಲಿ ಅದೇ ಮುಚ್ಚಿಗೆ ಮಣ್ಣು ಬಿಸಿಯಾಗುವುದನ್ನು ತಡಮಾಡುತ್ತದೆ, ಚಿಪ್ಪಿಲ್ಲದ ಬಸವನಹುಳುಗಳಿಗೆ ಮನೆಯಾಗುತ್ತದೆ, ಎಳೆಯ ಸಸಿಗಳು ರಾತ್ರೋರಾತ್ರಿ ಮಾಯವಾಗುತ್ತವೆ. ಸೊಪ್ಪಿನ ಬೀಜಗಳನ್ನು ನೇರವಾಗಿ ದಟ್ಟವಾಗಿ ಬಿತ್ತುವ ಮಡಿಗಳಲ್ಲಿ ಒರಟು ಮುಚ್ಚಿಗೆ ಎಲ್ಲಿಯೂ ಹೊಂದುವುದಿಲ್ಲ. ಅಲ್ಲಿ ಜರಡಿ ಹಿಡಿದ ಕಾಂಪೋಸ್ಟೇ ಮುಚ್ಚಿಗೆಯ ಕೆಲಸ ಮಾಡಬೇಕು. ಮರದ ಚೂರುಗಳನ್ನು ಮಣ್ಣಿನ ಮೇಲೆ ಹರಡಿದರೆ ತೊಂದರೆ ಇಲ್ಲ, ಮಣ್ಣಿನೊಳಗೆ ಬೆರೆಸಿದರೆ ಅವು ಕೊಳೆಯುವಾಗ ಸಾರಜನಕವನ್ನು ಹಿಡಿದಿಟ್ಟುಕೊಂಡು ಬೆಳೆಯನ್ನು ಹಳದಿಗಟ್ಟಿಸುತ್ತವೆ.

ದುಡಿಮೆಯ ಗಂಟೆಗಳು

ಮಾರಾಟದ ತೋಟದ ಸೊಬಗು ಅದರ ಅಳತೆಯಲ್ಲಿದೆ. ಎಲ್ಲ ಮಡಿಗಳೂ ಒಂದೇ ಅಗಲ, ಒಂದೇ ಉದ್ದ ಇದ್ದರೆ ಒಂದು ಮಡಿಗೆ ಕತ್ತರಿಸಿದ ಹನಿ ನೀರಾವರಿ ಪೈಪು, ಕೀಟ ತಡೆಯುವ ಬಲೆ, ಕಪ್ಪು ಟಾರ್ಪಾಲು ಎಲ್ಲ ಮಡಿಗೂ ಹೊಂದುತ್ತವೆ. ಒಂದು ಮಡಿಗೆ ಎಷ್ಟು ಬೀಜ, ಎಷ್ಟು ಸಸಿ, ಎಷ್ಟು ಬುಟ್ಟಿ ಗೊಬ್ಬರ ಎಂಬುದನ್ನು ಒಮ್ಮೆ ಬರೆದಿಟ್ಟರೆ ಸಾಕು. ಫೋರ್ಟಿಯೆ ತಮ್ಮ ತೋಟದಲ್ಲಿ ಆರಿಸಿಕೊಂಡ ಸುಮಾರು 75 ಸೆಂಟಿಮೀಟರ್ ಅಗಲ, 30 ಮೀಟರ್ ಉದ್ದದ ಮಡಿ ಇಂದು ಅನೇಕ ಕಡೆ ಬಳಕೆಯಲ್ಲಿರುವುದು ಇದೇ ಕಾರಣಕ್ಕೆ. ಆ ಅಗಲದ ಮಡಿಯನ್ನು ಕಾಲಗಲಿಸಿ ದಾಟಬಹುದು, ಎರಡೂ ಬದಿಯಿಂದ ನಡುವಿಗೆ ಕೈ ಎಟುಕುತ್ತದೆ, ಮಾರುಕಟ್ಟೆಯಲ್ಲಿ ಸಿಗುವ ಉಪಕರಣಗಳೂ ಅದಕ್ಕೆ ತಕ್ಕಂತಿವೆ.

ಕಳೆಯ ವಿರುದ್ಧವೂ ಈ ಶಿಸ್ತು ನೆರವಾಗುತ್ತದೆ. ಬೆಳೆ ಮುಗಿದ ಮಡಿಯನ್ನು ಬೆಳಕು ತೂರದ ಟಾರ್ಪಾಲಿನಿಂದ ನಾಲ್ಕರಿಂದ ಆರು ವಾರ ಮುಚ್ಚಿಟ್ಟರೆ ಮೊಳೆತ ಕಳೆ ಬೆಳಕಿಲ್ಲದೆ ಸಾಯುತ್ತದೆ, ಹಳೆಯ ಬೆಳೆಯ ಉಳಿಕೆಯನ್ನು ಎರೆಹುಳುಗಳು ಕೆಳಗೆಳೆದುಕೊಳ್ಳುತ್ತವೆ, ಅಗೆಯದೆಯೇ ಮಡಿ ಸಿದ್ಧವಾಗುತ್ತದೆ. ಟಾರ್ಪಾಲು ಪ್ಲಾಸ್ಟಿಕ್ ಎಂಬ ಆಕ್ಷೇಪ ಸರಿಯಾದದ್ದೇ. ಹಲವು ವರ್ಷ ಬಾಳುವ ದಪ್ಪ ಹಾಳೆಯನ್ನು ಜೋಪಾನವಾಗಿ ಬಳಸುವುದು, ಪ್ರತಿ ಬೆಳೆಗೂ ತೆಳು ಹಾಳೆ ಹಾಸಿ ಹರಿದು ಎಸೆಯುವುದಕ್ಕಿಂತ ಬಹಳ ಮೇಲು ಎಂಬುದು ನನ್ನ ನಿಲುವು.

ಪರ್ಮಾಕಲ್ಚರ್ ತೋಟದ ದುಡಿಮೆ ಬೇರೆ ರೀತಿಯದು. ನೆಲ ತಿದ್ದುವುದು, ನೆಡುವುದು, ಮೊದಲ ಮೂರು ವರ್ಷ ಎಳೆಯ ಗಿಡಗಳನ್ನು ಹುಲ್ಲಿನಿಂದಲೂ ಬಾಯಾರಿಕೆಯಿಂದಲೂ ಉಳಿಸುವುದು ಆರಂಭದ ಹೊರೆ. ಅದು ಕ್ರಮೇಣ ಇಳಿಯುತ್ತದೆ. ಆದರೆ ಮಾರಾಟದ ದೃಷ್ಟಿಯಿಂದ ಅಲ್ಲಿ ಒಂದು ಗಟ್ಟಿ ಅಡಚಣೆ ಇದೆ, ಅದು ಕೊಯ್ಲು. ಇಪ್ಪತ್ತು ಬಗೆಯ ಗಿಡಗಳು ಬೆರೆತು ನಿಂತ ಜಾಗದಲ್ಲಿ ಒಂದೊಂದರಿಂದ ಒಂದು ಹಿಡಿ ಕೊಯ್ಯಲು ಓಡಾಡುವ ಹೊತ್ತಿನಲ್ಲಿ, ಒಂದೇ ಬೆಳೆಯ ಮಡಿಯಲ್ಲಿ ಕುಳಿತವರು ಹತ್ತಾರು ಕಟ್ಟು ಸೊಪ್ಪು ಕೊಯ್ದು ಮುಗಿಸುತ್ತಾರೆ. ಮಾರಾಟದ ತೋಟದಲ್ಲೂ ಕೊಯ್ಯುವುದು, ತೊಳೆಯುವುದು, ಕಟ್ಟುವುದು, ಸಾಗಿಸುವುದು ಒಟ್ಟು ದುಡಿಮೆಯ ದೊಡ್ಡ ಪಾಲನ್ನು ತಿನ್ನುತ್ತವೆ. ಹೀಗಿರುವಾಗ ಬೆರಕೆಯಿಂದ ಆ ಪಾಲು ಇನ್ನಷ್ಟು ಹಿಗ್ಗಿದರೆ ಕಸುಬು ನಿಲ್ಲುವುದಿಲ್ಲ. ಮನೆಬಳಕೆಗೆ ಬೆರಕೆ ತೋಟ ಅತ್ಯುತ್ತಮ, ಏಕೆಂದರೆ ಮನೆಗೆ ಬೇಕಾದದ್ದೇ ಒಂದೊಂದು ಹಿಡಿ. ಒಂದೇ ಮಡಿಯಲ್ಲಿ ಎರಡು ಬೆಳೆ ಸೇರಿಸುವುದಾದರೆ ಬೇಗ ಮುಗಿಯುವುದನ್ನೂ ನಿಧಾನದ್ದನ್ನೂ ಜೋಡಿಸುವುದು ಲಾಭಕರ: ಕ್ಯಾರೆಟ್ ಸಾಲುಗಳ ನಡುವೆ ಮೂಲಂಗಿ, ಎಲೆಕೋಸಿನ ಅಂಚಿನಲ್ಲಿ ಲೆಟಿಸ್. ಅದಕ್ಕಿಂತ ಮುಂದೆ ಹೋಗುವ ಅಗತ್ಯ ಕಾಣುವುದಿಲ್ಲ.

ನೀರು ಮತ್ತು ಇಳಿಜಾರು

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಬಿಸಿಲು ಹೆಚ್ಚಿರುವ ದಿನಗಳಲ್ಲಿ ಬೆಳೆಗಳು ದಿನಕ್ಕೆ ಐದು ಮಿಲಿಮೀಟರಿನಷ್ಟು ನೀರನ್ನು ಸುಲಭವಾಗಿ ಬಳಸುತ್ತವೆ. 1000 ಚದರ ಮೀಟರಿಗೆ ಅದು ದಿನಕ್ಕೆ 5000 ಲೀಟರ್. 200 ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಸುರಿದು ಒಂದು ಹನಿಯೂ ಪೋಲಾಗದಿದ್ದರೂ ಸಿಗುವುದು 4000 ಲೀಟರ್, ಅಂದರೆ ಒಂದು ದಿನದ ಬೇಡಿಕೆಗೂ ಸಾಲದು. ಚಾವಣಿಯ ನೀರು ಸಸಿಮಡಿಗೂ ತರಕಾರಿ ತೊಳೆಯಲೂ ಉಪಯುಕ್ತ. ಮಾರಾಟದ ತೋಟಕ್ಕೆ ಭರವಸೆಯ ಬಾವಿಯೋ ಕೆರೆಯೋ ಬೇಕೇ ಬೇಕು. ನೀರಿನ ಭರವಸೆ ಇಲ್ಲದ ಜಮೀನಿನಲ್ಲಿ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ: ಆಳಕ್ಕೆ ಬೇರಿಳಿಸುವ, ಬರ ತಾಳುವ ಮರಗಳ ತೋಟ, ಮತ್ತು ಮಳೆಗಾಲದಲ್ಲಿ ಮಾತ್ರ ತರಕಾರಿ.

ಮಳೆನೀರನ್ನು ಇಳಿಜಾರಿಗೆ ಅಡ್ಡಲಾಗಿ ಹಿಡಿದು ಇಂಗಿಸುವ ಸಮಪಾತಳಿ ಕಾಲುವೆ ಪರ್ಮಾಕಲ್ಚರಿನ ಗುರುತೇ ಆಗಿಹೋಗಿದೆ. ಮೆಲುವಾದ ಇಳಿಜಾರಿನಲ್ಲಿ, ನೀರು ಇಂಗುವ ಮಣ್ಣಿನಲ್ಲಿ, ಕೆಳಗಿನ ಬದುವಿನ ಮೇಲೆ ಮರ ನೆಡುವುದಾದರೆ ಅದು ಒಳ್ಳೆಯ ಕೆಲಸ. ಕಡಿದಾದ ಅಥವಾ ಜರುಗುವ ಸ್ವಭಾವದ ಗುಡ್ಡದಲ್ಲಿ ನೀರನ್ನು ಹಿಡಿದಿಡುವುದು ಅಪಾಯಕಾರಿ. ಮೊದಲೇ ಬಸಿಯದ ಜೇಡಿಮಣ್ಣಿನ ತಗ್ಗಿನಲ್ಲಿ ಅದು ಹಾನಿಕಾರಿ, ಅಲ್ಲಿ ತರಕಾರಿ ಮಡಿಗೆ ಬೇಕಾದದ್ದು ಬಸಿಗಾಲುವೆ. ಕಾಲುವೆ ತೋಡುವ ಮೊದಲು ಒಂದು ಮಳೆಗಾಲವಿಡೀ ಜಮೀನಿನಲ್ಲಿ ನಡೆದಾಡಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆಯುತ್ತದೆ ಎಂದು ನೋಡಬೇಕೆಂಬ ಪರ್ಮಾಕಲ್ಚರಿನ ಉಪದೇಶವನ್ನು ಮಾರಾಟದ ತೋಟದವರೂ ಪಾಲಿಸಬೇಕು.

ಮರಗಳಿಗೆ ಸರಿಯಾದ ಜಾಗ

ಎರಡು ದಾರಿಗಳನ್ನು ಬೆಸೆಯಲು ಹೊರಟವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ತರಕಾರಿ ಮಡಿಗಳ ನಡುವೆ ಹಣ್ಣಿನ ಮರ ನೆಟ್ಟರೆ ಮೊದಲ ನಾಲ್ಕು ವರ್ಷ ಏನೂ ತೊಂದರೆ ತೋರುವುದಿಲ್ಲ. ಬಳಿಕ ಕೊಂಬೆಗಳು ಬೆಳಕನ್ನೂ, ಕೊಂಬೆಗಳ ಹರವನ್ನು ಮೀರಿ ಹೋಗುವ ಬೇರುಗಳು ನೀರು ಗೊಬ್ಬರಗಳನ್ನೂ ಮಡಿಗಳಿಂದ ಕಸಿಯತೊಡಗುತ್ತವೆ. ಬೇರು ಕಡಿಯದೆ ಮಣ್ಣು ಸಡಿಲಿಸಲು ಆಗುವುದಿಲ್ಲ. ಆ ಹೊತ್ತಿಗೆ ಫಲ ಕೊಡಲು ಆರಂಭಿಸಿದ ಮರವನ್ನು ತೆಗೆಯುವ ಮನಸ್ಸೂ ಬರುವುದಿಲ್ಲ.

ಮರಗಳನ್ನು ತೋಟದ ಅಂಚಿಗೆ, ಅವುಗಳ ನೆರಳು ಮಡಿಗಳ ಮೇಲೆ ಬೀಳದ ದಿಕ್ಕಿಗೆ ಇಡುವುದು ಉತ್ತಮ. ಭೂಮಧ್ಯರೇಖೆಯಿಂದ ದೂರದ ಉತ್ತರ ಗೋಳದಲ್ಲಿ ಅದು ಉತ್ತರದ ಅಂಚು, ದಕ್ಷಿಣ ಗೋಳದಲ್ಲಿ ದಕ್ಷಿಣದ ಅಂಚು. ಸೂರ್ಯ ನೆತ್ತಿಯ ಮೇಲಿಂದ ಹಾಯುವ ಪ್ರದೇಶಗಳಲ್ಲಿ ಲೆಕ್ಕ ಬದಲಾಗುತ್ತದೆ, ಅಲ್ಲಿ ಪಶ್ಚಿಮದ ಸಾಲು ಮರಗಳು ಮಧ್ಯಾಹ್ನದ ಸುಡುಬಿಸಿಲಿನಿಂದ ಸೊಪ್ಪುಗಳನ್ನು ಕಾಯುತ್ತವೆ. ಗಾಳಿ ಬೀಸುವ ಕಡೆ ಪೊದೆ ಮರಗಳ ತಡೆ ಇದ್ದರೆ ಅದರ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯ ಬಿರುಸು ತಗ್ಗುತ್ತದೆ. ಅದೇ ಬೇಲಿಯಲ್ಲಿ ವರ್ಷದ ಬೇರೆ ಬೇರೆ ಕಾಲಕ್ಕೆ ಹೂಬಿಡುವ ಗಿಡಗಳಿದ್ದರೆ ಸಸ್ಯಹೇನು ತಿನ್ನುವ ಕೀಟಗಳಿಗೂ ಜೇನುಹುಳುಗಳಿಗೂ ಆಸರೆಯಾಗುತ್ತದೆ. ಹೀಗೆ ಅಂಚುಗಳನ್ನು ಪರ್ಮಾಕಲ್ಚರ್ ಕ್ರಮಕ್ಕೂ, ನಡುವಿನ ತೆರೆದ ಜಾಗವನ್ನು ಅಳತೆಯ ಮಡಿಗಳಿಗೂ ಕೊಡುವುದು ನಾನು ಒಪ್ಪುವ ವಿನ್ಯಾಸ.

ಕೊಳ್ಳುವವರು ಯಾರು

ವಾರದ ಪೆಟ್ಟಿಗೆಯ ಪದ್ಧತಿ, ಅಂದರೆ ಕೊಳ್ಳುವವರು ಹಂಗಾಮಿನ ಆರಂಭದಲ್ಲೇ ಹಣ ಕೊಟ್ಟು ಪ್ರತಿ ವಾರ ತಮ್ಮ ಪಾಲು ಒಯ್ಯುವ ಕ್ರಮ, ಸಣ್ಣ ತೋಟಕ್ಕೆ ಬಹಳ ಹೊಂದುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ತೆಯ್ಕೆ ಎಂಬ ಹೆಸರಿನಲ್ಲಿ ಇಂಥದೇ ನೇರ ಒಪ್ಪಂದ ಬೆಳೆಯಿತು. ಅಮೆರಿಕದಲ್ಲಿ ಅದು 1986ರಲ್ಲಿ ಮೊದಲಾಯಿತು. ಈ ಪೆಟ್ಟಿಗೆಗೆ ಪ್ರತಿ ವಾರ ಎಂಟು ಹತ್ತು ಬಗೆ ತರಕಾರಿ ತಪ್ಪದೆ ಬೇಕು, ಹೀಗಾಗಿ ಅದಕ್ಕೆ ಸರದಿ ಬಿತ್ತನೆಯ ಮಾರಾಟದ ತೋಟವೇ ಆಧಾರ. ಬಹುವಾರ್ಷಿಕ ತೋಟದ ಹಣ್ಣು, ಮೊಟ್ಟೆ, ಸುವಾಸನೆಯ ಸೊಪ್ಪುಗಳು ಪೆಟ್ಟಿಗೆಯ ಮೇಲೆ ಸೇರುವ ಸೊಗಸಾಗಬಲ್ಲವು. ಕೊಳ್ಳುವವರು ದೂರದಲ್ಲಿದ್ದರೆ ಲೆಕ್ಕ ತಿರುಗುತ್ತದೆ: ಬಾಡುವ ಸೊಪ್ಪಿಗಿಂತ ಒಣಗಿಸಬಹುದಾದ, ಸಂಗ್ರಹಿಸಿಡಬಹುದಾದ, ಸಂಸ್ಕರಿಸಬಹುದಾದ ಬೆಳೆಗಳೇ ಲೇಸು, ಅವುಗಳಲ್ಲಿ ಹೆಚ್ಚಿನವು ಮರಗಳಿಂದ ಬರುತ್ತವೆ.

ಯಾರಿಗೆ ಯಾವುದು

ಬೇರೆ ಆದಾಯವಿದ್ದು, ಜಮೀನು ಸ್ವಂತದ್ದಾಗಿದ್ದು, ಮನೆಗೆ ಬೇಕಾದಷ್ಟು ಬೆಳೆದುಕೊಂಡು ನೆಲವನ್ನು ಚೇತರಿಸುವುದೇ ಗುರಿಯಾಗಿದ್ದರೆ ಪರ್ಮಾಕಲ್ಚರಿನಿಂದಲೇ ಆರಂಭಿಸುವುದು ಸರಿ. ಕಲ್ಲುನೆಲ, ಕಡಿದಾದ ಇಳಿಜಾರು, ನೀರಿನ ಕೊರತೆ ಇದ್ದವರಿಗೂ ಅದೇ ಮಾತು. ಮೊದಲ ವರ್ಷವೇ ಜಮೀನಿನಿಂದ ಹಣ ಬರಬೇಕಾದವರು, ಊರು ಹತ್ತಿರವಿದ್ದು ಸಮತಟ್ಟಾದ, ನೀರಿರುವ ಜಾಗ ಇದ್ದವರು ಮಾರಾಟದ ತೋಟವನ್ನೇ ಹಿಡಿಯಬೇಕು. ಆದರೆ ಮೊದಲ ವರ್ಷ 200ರಿಂದ 300 ಚದರ ಮೀಟರಿಗೆ ಮಿತಿಗೊಳಿಸಿಕೊಳ್ಳುವುದು ಕ್ಷೇಮ. ಹೆಚ್ಚು ಮಡಿ ತೆರೆದು ಕಳೆಗೆ ಬಿಟ್ಟುಕೊಡುವುದಕ್ಕಿಂತ ಕೆಲವೇ ಮಡಿಗಳನ್ನು ವರ್ಷವಿಡೀ ಫಸಲಿನಲ್ಲಿಡುವುದರಿಂದ ಕಲಿಕೆಯೂ ಆದಾಯವೂ ಹೆಚ್ಚು.

ಗುತ್ತಿಗೆಯ ಜಮೀನಿನಲ್ಲಿ ದುಡಿಯುವವರ ಸ್ಥಿತಿ ಬೇರೆ, ಅವರ ಬಗ್ಗೆ ಮಾರ್ಗದರ್ಶಿಗಳು ಸಾಕಷ್ಟು ಮಾತಾಡುವುದಿಲ್ಲ ಎಂಬ ಬೇಸರ ನನಗಿದೆ. ಐದು ವರ್ಷಕ್ಕಿಂತ ಕಡಿಮೆ ಅವಧಿಯ ಒಪ್ಪಂದವಿದ್ದರೆ ಮರ ನೆಡುವುದು ಬೇರೊಬ್ಬರಿಗಾಗಿ ನೆಟ್ಟಂತೆ, 94 ಘನ ಮೀಟರ್ ಕಾಂಪೋಸ್ಟ್ ಹರಡುವುದೂ ಹಾಗೆಯೇ. ಅಂಥವರು ಹಣವನ್ನು ಎತ್ತಿಕೊಂಡು ಹೋಗಬಹುದಾದ ವಸ್ತುಗಳಿಗೆ ಹಾಕಬೇಕು: ಬಿಚ್ಚಿ ಜೋಡಿಸಬಹುದಾದ ಟನಲ್, ಹನಿ ನೀರಾವರಿಯ ಪೈಪು, ಟಾರ್ಪಾಲು, ಒಳ್ಳೆಯ ಕೈ ಉಪಕರಣ, ಕುಂಡದಲ್ಲಿ ಬೆಳೆಸಿದ ಬಹುವಾರ್ಷಿಕ ಗಿಡಗಳ ತಾಯಿ ಸಸಿ. ಮಣ್ಣಿನ ಪೋಷಣೆಗೆ ಹಸಿರು ಗೊಬ್ಬರದ ಬೆಳೆ ಮತ್ತು ಅಗತ್ಯದಷ್ಟೇ ಕಾಂಪೋಸ್ಟ್ ಸಾಕು. ಒಪ್ಪಂದ ಬರೆಯುವಾಗಲೇ ನೆಟ್ಟ ಮರಗಳಿಗೂ ಹೆಚ್ಚಿಸಿದ ಫಲವತ್ತತೆಗೂ ಪರಿಹಾರದ ಷರತ್ತು ಸೇರಿಸಲು ಜಮೀನಿನ ಒಡೆಯರು ಒಪ್ಪಿದರೆ ಮಾತ್ರ ಮೊದಲ ವರ್ಷದಲ್ಲೇ ಗಾಳಿತಡೆಯ ಸಾಲನ್ನು ನೆಡಬಹುದು. ಒಪ್ಪದಿದ್ದರೆ ಆ ಅಂಚಿನಲ್ಲಿ ಒಂದೇ ಹಂಗಾಮಿನಲ್ಲಿ ಆಳೆತ್ತರ ಬೆಳೆಯುವ ಮುಸುಕಿನ ಜೋಳ ಅಥವಾ ಸೂರ್ಯಕಾಂತಿಯ ದಟ್ಟ ಸಾಲನ್ನು ಬಿತ್ತಿ, ಅದರ ಮರೆಯಲ್ಲಿ ಎಳೆಯ ಸಸಿಗಳ ಮಡಿಗಳನ್ನು ಮಾಡಿಕೊಳ್ಳಬಹುದು.